ಹೊಟ್ಟೆಯಲ್ಲಿ ಗಡ್ಡೆ, ಎದೆಯಲ್ಲಿ ನೀರು

ಹೊಟ್ಟೆ ಉಬ್ಬಿದೆ, ನಡೆದರೆ ಏದುಸಿರು. ಎಕ್ಸ್-ರೇಯಲ್ಲಿ ನೋಡಿದರೆ ಶ್ವಾಸಕೋಶದ ಸುತ್ತ ನೀರು. ಸೂಜಿ ಹಾಕಿ ತೆಗೆದರೂ ಮತ್ತೆ ತುಂಬುತ್ತದೆ. ಜೊತೆಗೆ ಅಂಡಾಶಯದಲ್ಲಿ ಗಡ್ಡೆಯೂ ಸಿಕ್ಕರೆ ಕ್ಯಾನ್ಸರ್ ಎದೆಗೂ ಹಬ್ಬಿತೆಂದು ಯಾರಿಗಾದರೂ ಅನಿಸುತ್ತದೆ. ಹಾಗೆಂದು ಕೈಚೆಲ್ಲಬಾರದು ಎನ್ನುವುದಕ್ಕೆ ಒಂದು ಹಳೆಯ ಕತೆಯಿದೆ.

ಫ್ರಾನ್ಸಿನ ಬೋರ್ಡೋ ನಗರದ ಶಸ್ತ್ರವೈದ್ಯ ಆಲ್ಬರ್ಟ್ ದೆಮೋನ್ಸ್ 1887ರಲ್ಲೇ ಇಂಥ ರೋಗಿಗಳ ಬಗ್ಗೆ ಹೇಳಿದ್ದರು. ಆದರೆ ಜಗತ್ತು ಇದನ್ನು ಗಮನಿಸಿದ್ದು 50 ವರ್ಷಗಳ ನಂತರ. 1937ರಲ್ಲಿ ಅಮೆರಿಕದ ಬೋಸ್ಟನ್ನಿನ ಜೋ ವಿನ್ಸೆಂಟ್ ಮೆಗ್ಸ್ ಮತ್ತು ಜಾನ್ ಕ್ಯಾಸ್ 7 ಮಹಿಳೆಯರ ವಿವರ ಪ್ರಕಟಿಸಿದರು. ಅವರಲ್ಲಿದ್ದದ್ದು ಫೈಬ್ರೋಮಾ ಎಂಬ ನಾರಿನಂಥ ಗಡ್ಡೆ, ಕ್ಯಾನ್ಸರ್ ಅಲ್ಲ. ಗಡ್ಡೆ ತೆಗೆದರೆ ಹೊಟ್ಟೆಯ ನೀರೂ ಎದೆಯ ನೀರೂ ಇಂಗಿಹೋಗುತ್ತವೆ ಎಂಬುದು ಅದರಿಂದ ಗೊತ್ತಾಯಿತು. ಮುಂದೆ ಈ ಕಾಯಿಲೆಗೆ ಮೆಗ್ಸ್ ಸಿಂಡ್ರೋಮ್ ಎಂಬ ಹೆಸರು ಬಂತು. ಫ್ರೆಂಚರು ಮಾತ್ರ ದೆಮೋನ್ಸ್ ಹೆಸರನ್ನೂ ಸೇರಿಸಿಯೇ ಕರೆಯುತ್ತಾರೆ.

ಹೊಟ್ಟೆಯ ನೀರು ಎದೆಗೆ ಹೋಗುವುದು ಹೇಗೆ? ಎರಡರ ನಡುವಿನ ವಪೆಯ ಸಣ್ಣ ದಾರಿಗಳಿಂದ ಜಿನುಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಹೆಚ್ಚಾಗಿ ಬಲಗಡೆಯೇ ತುಂಬುತ್ತದೆ.

ಇದು ಅಪರೂಪದ ಕಾಯಿಲೆ. ಎದೆಯ ನೀರಿಗೆ ಟಿಬಿ, ಕ್ಯಾನ್ಸರ್ ಕೂಡ ಕಾರಣವಾಗಬಹುದು, ಆ ಪರೀಕ್ಷೆಗಳನ್ನು ಬಿಡುವಂತಿಲ್ಲ. ಈ ಕಾಯಿಲೆಯಲ್ಲೂ ಸಿಎ-125 ರಕ್ತಪರೀಕ್ಷೆಯ ಅಂಕಿ ಏರಬಹುದು. ಹಾಗಾಗಿ ಆ ಒಂದು ಚೀಟಿ ನೋಡಿ ಎದೆಗುಂದಬೇಡಿ. ಕೊನೆಯ ಮಾತು ಹೇಳುವುದು ತೆಗೆದ ಗಡ್ಡೆಯ ಲ್ಯಾಬ್ ಪರೀಕ್ಷೆ. ಮನೆಯ ಹೆಂಗಸರಿಗೆ ಎದೆಯಲ್ಲಿ ಪದೇಪದೇ ನೀರು ತುಂಬುತ್ತಿದ್ದರೆ, ಹೊಟ್ಟೆಯ ಸ್ಕ್ಯಾನಿಂಗ್ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ.