ಘಟಪ್ರಭೆಯ ಕಣಿವೆ: ನೆಲದಡಿಯ ಇತಿಹಾಸ

ನಾಡಿನ ಇತಿಹಾಸವು ಶಾಸನ, ಕಾವ್ಯ, ದೇಗುಲಗಳಿಂದಲೇ ಆರಂಭವಾಗುವುದೆಂದು ಭಾವಿಸುವುದು ವಾಡಿಕೆ. ಚಿಮ್ಮಡದ ನೆರೆಯ ತೇರದಾಳದ ನೇಮಿನಾಥ ಬಸದಿಯ ಶಾಸನವು 12ನೆಯ ಶತಮಾನದ್ದು. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ರನ್ನಕವಿಯು ಅಜಿತಪುರಾಣವನ್ನು ಮುಗಿಸಿದ್ದು ಕ್ರಿ.ಶ. 993ರಲ್ಲಿ. ಇವೆಲ್ಲಕ್ಕಿಂತ ಲಕ್ಷಾಂತರ ವರ್ಷ ಹಿಂದಿನ ಅಧ್ಯಾಯವೊಂದು ಘಟಪ್ರಭೆಯ ದಂಡೆಯಲ್ಲಿ ಅಡಗಿದೆಯೆಂಬುದು ಹಲವರಿಗೆ ತಿಳಿಯದು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವಣ ನೆಲ ಚಿಮ್ಮಡದ್ದು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರ್ ಆಳಕ್ಕೆ ಧುಮುಕಿ, ಮುಧೋಳ ಸೀಮೆಯನ್ನು ಹಾಯ್ದು ಕೃಷ್ಣೆಯಲ್ಲಿ ಲೀನವಾಗುತ್ತದೆ. ಈ ಭಾಗದಲ್ಲಿ ಎರಡು ಶಿಲಾಕುಲಗಳು ಸಂಧಿಸುತ್ತವೆ. ಒಂದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸವು ಹೆಪ್ಪುಗಟ್ಟಿ ಆದ ಕರಿಕಲ್ಲು. ನಮ್ಮ ಎರೆಭೂಮಿಗೆ ಅದೇ ಮೂಲ. ಇನ್ನೊಂದು, ಅದಕ್ಕಿಂತ ಬಹು ಪುರಾತನವಾದ, ಕಲಾದಗಿಯ ಹೆಸರನ್ನೇ ಹೊತ್ತ, ಬೆಣಚುಶಿಲೆ ಮತ್ತು ಸುಣ್ಣಗಲ್ಲುಗಳ ಸಮೂಹ.

ಆದಿಮಾನವನು ಆಯ್ದುಕೊಂಡದ್ದು ಈ ಬೆಣಚುಶಿಲೆಯನ್ನು. ಗಟ್ಟಿಯಾದ ಈ ಕಲ್ಲು ಪೆಟ್ಟು ಬಿದ್ದಲ್ಲಿ ಹರಿತವಾದ ಅಂಚು ಬಿಟ್ಟು ಸಿಡಿಯುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಈ ಸೀಮೆಯ ಶಿಲೆಗಳನ್ನು ಕುರಿತ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದರು. 1955ರಲ್ಲಿ ಆರ್. ವಿ. ಜೋಶಿಯವರ ಮಲಪ್ರಭಾ ಕಣಿವೆಯ ಅಧ್ಯಯನವೂ, 1974ರಲ್ಲಿ ಆರ್. ಎಸ್. ಪಪ್ಪು ಅವರ ಮೇಲಣ ಕೃಷ್ಣಾ ಕಣಿವೆಯ ಅಧ್ಯಯನವೂ ಪ್ರಕಟಗೊಂಡವು. ಘಟಪ್ರಭೆಯ ದಂಡೆಯಲ್ಲಿರುವ ಬೀಳಗಿ ತಾಲೂಕಿನ ಅನಗವಾಡಿಯಲ್ಲಿ, ಹಳೆಯ ನದಿಯು ತಂದು ಹಾಸಿದ ಉರುಟುಗಲ್ಲಿನ ಪದರದಲ್ಲಿ ಕೈಗೊಡಲಿ ಮೊದಲಾದ ಆಯುಧಗಳು ದೊರೆತಿವೆ.

ಇಂಥ ಶೋಧದಲ್ಲಿ ಕಲ್ಲಿನಷ್ಟೇ ಮುಖ್ಯವಾದುದು ಅದು ದೊರೆತ ಪದರ. ಕೆಳಗೆ ಉರುಟುಗಲ್ಲು, ಮೇಲೆ ಹೂಳು, ಅದರ ಮೇಲೆ ಎರೆಮಣ್ಣು. ಈ ಕ್ರಮವೇ ಕಾಲನಿರ್ಣಯಕ್ಕೆ ಆಧಾರ. ಪದರದಿಂದ ಕಿತ್ತ ಆಯುಧವು ತೇದಿಯಿಲ್ಲದ ಪತ್ರದಂತೆ ಅರ್ಧ ಮೂಕವಾಗುತ್ತದೆ.

ಆಲಮಟ್ಟಿಯ ಹಿನ್ನೀರು ಇಂದು 519.60 ಮೀಟರ್ ಮಟ್ಟಕ್ಕೆ ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಾಧಿಕರಣವು ಸಮ್ಮತಿಸಿತು. ಕೂಡಲಸಂಗಮದ ಐಕ್ಯಸ್ಥಳವನ್ನು ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆ ಎತ್ತಲಾಯಿತು. ಅದು ಯೋಗ್ಯವಾದ ಕಾರ್ಯ. ಆದರೆ ನದಿದಂಡೆಯ ಪದರಗಳಿಗೆ ಗೋಡೆ ಕಟ್ಟುವವರಾರು? ನೀರು ಮುಟ್ಟದ ಕಡೆ ಕಬ್ಬಿನ ಹೊಲಕ್ಕಾಗಿ ದಿನ್ನೆಗಳು ಸಮತಟ್ಟಾಗುತ್ತಿವೆ. ರೈತನ ನೀರಿನ ಅವಶ್ಯಕತೆಯನ್ನು ಯಾರೂ ಅಲ್ಲಗಳೆಯಲಾರರು; ಮುಳುಗುವ ಮುನ್ನ ಪರಿಶೀಲನೆಯಾಗಲಿ ಎಂಬುದಷ್ಟೇ ವಿನಂತಿ.

ಶ್ರೀಮಠದ ಭಕ್ತರಲ್ಲಿ ಒಕ್ಕಲಿಗರು ಅನೇಕರು. ಬಾವಿ ತೋಡುವಾಗ, ಒಡ್ಡು ಹಾಕುವಾಗ ಕೈಯಿಂದ ಕೆತ್ತಿದಂತಿರುವ ಕಲ್ಲುಗಳು ಕಂಡರೆ ಅಲ್ಲಿಯೇ ಬಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಹೊಲದ ಒಡೆಯನ ಈ ಒಂದು ಎಚ್ಚರದಿಂದ ಕಣಿವೆಯ ಮೊದಲ ಅಧ್ಯಾಯವು ಮುಂದಿನವರಿಗೆ ಉಳಿದೀತು.