ಹೆಸರಿಲ್ಲದ ಹತಾರ: ಸೋಲಾಪುರ–ಅಕ್ಕಲಕೋಟ ಭಾಗದ ಬಡಿಗತನದಲ್ಲಿ ಕೀಸುವ ತಗಡು

ಧ್ವನಿ ಕೇಳಸ್ತದ ಅಂತ ತಿಳಕೊಂಡು ಶುರು ಮಾಡ್ತೀನಿ. ವಿಷಯ ಸಣ್ಣದು: ಕಟ್ಟಿಗೆಯ ಮೈಯನ್ನು ಕೊನೆಗೆ ನುಣುಪು ಮಾಡಲು ಬಡಿಗೇರರು ಬಳಸುವ ಉಕ್ಕಿನ ತಗಡು. ಅಂಗೈಯಷ್ಟು ಉದ್ದ, ಹಿಡಿಕೆ ಇಲ್ಲ, ಹಲ್ಲಿಲ್ಲ. ಇಂಥದ್ದಕ್ಕೆ ಇತಿಹಾಸ ಬರೆಯಲು ಆಗುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ನಾನು ಹತಾರಗಳ ಹೆಸರಿನ ಪಟ್ಟಿ ಹಿಡಿದು ಹೊರಟಿದ್ದೆ. ನಮ್ಮ ಕಡೆ ಬಡಿಗೇರರ ಬಾಯಲ್ಲಿ ಮರಾಠಿ, ಕನ್ನಡ ಕೂಡಿಯೇ ಇರ್ತಾವ: ರಂಧಾ, ಪಟಾಶಿ, ಕಾನಸ್, ಗಿರಮಿಟ್, ಬಾಚಿ, ಗರಗಸ. ಕೀಸುವ ತಗಡಿಗೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಹೆಸರಿಲ್ಲ, ಆದ್ದರಿಂದ ಬಳಕೆಯೂ ಇಲ್ಲ ಎಂದು ಟಿಪ್ಪಣಿ ಬರೆದುಕೊಂಡೆ. ಅಕ್ಕಲಕೋಟೆಯ ಹಿರಿಯ ಬಡಿಗೇರರೊಬ್ಬರ ಮುಂದೆ ಇದನ್ನೇ ಹೇಳಿದಾಗ ಅವರು ನಕ್ಕು, ಚೀಲದಿಂದ ಮುರಿದ ಗರಗಸದ ತುಂಡೊಂದನ್ನು ತೆಗೆದು ಕೈಗೆ ಕೊಟ್ಟರು. "ಇದಕ್ಕ ಹೆಸರೇನ ಇರ್ತದವ್ವಾ? ಹೆರಿಯೂದು, ಅಷ್ಟ" ಅಂದರು.

ಅಂದಿನಿಂದ ನಾನು ನಾಮಪದ ಬಿಟ್ಟು ಕ್ರಿಯಾಪದ ಹುಡುಕತೊಡಗಿದೆ. ಹೆರೆಯುವುದು ನಮಗೆ ಅಡುಗೆಮನೆಯಿಂದಲೇ ಗೊತ್ತು, ಕೊಬ್ಬರಿ ಹೆರಿತೀವಿ. ಇನ್ನೊಂದು ಮಾತು ಕೀಸು. ಕನ್ನಡ ನಿಘಂಟುಗಳಲ್ಲಿ ಬಡಿಗನ ಉಜ್ಜುಗೊರಡಿಗೆ ಕೀಸುಳಿ ಎಂಬ ಹೆಸರಿದೆ: ಕೀಸುವ ಉಳಿ. ನಾವು ಮರಾಠಿಯಿಂದ ಪಡೆದ ರಂಧಾ ಮೂಲತಃ ಪಾರಸಿಯ 'ರಂದಾ'. ಅದರ ಧಾತುವಿಗೂ ಕೆರೆಯುವುದು, ಕೀಸುವುದು ಎಂಬ ಅರ್ಥವೇ ಇದೆ. ಇದರಿಂದ ತಗಡು ಮೊದಲು, ರಂಧಾ ಆಮೇಲೆ ಬಂತು ಎಂದು ಸಾಧಿಸಲಾಗದು. ಆದರೆ ಎರಡು ಭಾಷೆಯ ಜನ ಈ ಕೆಲಸವನ್ನು ಕೀಸುವುದು ಎಂದೇ ಕಂಡಿದ್ದರು ಎಂಬುದು ಸ್ಪಷ್ಟ. ದಾಖಲೆಯಲ್ಲಿ ಇಲ್ಲದ ಹತಾರ ಭಾಷೆಯೊಳಗ ಅಡಗಿ ಕೂತದ.

ಇನ್ನು ಕೆಲಸದ ಕ್ರಮ. ಅದನ್ನು ತಿಳಿಯದೆ ಈ ತಗಡನ್ನು ಹತಾರ ಎಂದು ಗುರುತಿಸುವುದೇ ಕಷ್ಟ. ತಗಡಿನ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಮೊದಲು ಅದರ ಅಂಚನ್ನು ಕಾನಸಿನಿಂದ ನೇರವಾಗಿ, ಕಾಟಕೋನ ಬರುವಂತೆ ತಿಕ್ಕಬೇಕು. ಕಾನಸಿನ ಗೆರೆ ಹೋಗುವತನಕ ಅಂಚನ್ನೂ ಎರಡೂ ಮಗ್ಗುಲನ್ನೂ ಸಾಣೆಕಲ್ಲಿಗೆ ಹಿಡಿಯಬೇಕು. ಮುಂದಿನದು ಅರೆಯುವ ಕೆಲಸವಲ್ಲ, ಒತ್ತುವ ಕೆಲಸ. ತಗಡಿಗಿಂತ ಗಟ್ಟಿಯಾದ, ನುಣ್ಣಗಿನ ಉಕ್ಕಿನ ಸಲಾಕೆಗೆ ಹನಿ ಎಣ್ಣೆ ಹಚ್ಚಿ, ಮೊದಲು ಮಗ್ಗುಲ ಮೇಲೆ ಮಲಗಿಸಿ ಎಳೆಯಬೇಕು. ಆಮೇಲೆ ಅಂಚಿನ ಮೇಲೆ ನೇರವಾಗಿ, ಕೊನೆಗೆ ಐದು–ಹತ್ತು ಡಿಗ್ರಿ ವಾಲಿಸಿ ಎಳೆಯಬೇಕು. ಆಗ ಅಂಚಿನ ಉಕ್ಕು ಮಡಚಿ ಸಣ್ಣ ಕೊಕ್ಕೆ ಏಳ್ತದ. ಕಣ್ಣಿಗೆ ಕಾಣೂದು ಕಷ್ಟ. ಬೆರಳನ್ನು ಮಗ್ಗುಲಿನಿಂದ ಅಂಚಿನ ಹೊರಗೆ ಸವರಿದರೆ ತಾಗ್ತದ. ಅಂಚಿನಗುಂಟ ಸವರಿದರ ಬೆರಳು ಕೊಯ್ತದ.

ಬಳಸುವಾಗ ಎರಡೂ ಹೆಬ್ಬೆರಳಿನಿಂದ ತಗಡನ್ನು ನಡುವೆ ತುಸು ಬಾಗಿಸಿ, ಮುಂದಕ್ಕೆ ವಾಲಿಸಿ ದೂಡಬೇಕು. ತೆಳುವಾದ ಹೆರಕಲು ಬಂದರೆ ಕೊಕ್ಕೆ ಸರಿ ಇದೆ. ಬರೀ ಪುಡಿ ಬಂದರೆ ಮೊಂಡಾಗಿದೆ. ಮೊಂಡಾದ ಕೊಕ್ಕೆಯನ್ನು ಕೆಲವು ಸಲ ಸಲಾಕೆಯಿಂದಲೇ ಮತ್ತೆ ಎಬ್ಬಿಸಬಹುದು. ಆಗದಿದ್ದರೆ ಮತ್ತೆ ಕಾನಸಿನಿಂದ ಶುರು. ತಗಡು ಬಿಸಿಯಾಗಿ ಹೆಬ್ಬೆರಳು ಸುಡೋದೂ ಈ ಕೆಲಸದ್ದೇ ಭಾಗ.

ರಂಧಾ ಇದ್ದ ಮೇಲೆ ಇದ್ಯಾಕೆ? ಉತ್ತರ ಕಟ್ಟಿಗೆಯಲ್ಲಿದೆ. ಬೇವಿನಂಥ ಮರದಲ್ಲಿ ಎಳೆಗಳು ಒಂದು ಪದರಿಗೆ ಒಂದು ದಿಕ್ಕಿಗೆ ವಾಲಿರುತ್ತವೆ. ರಂಧಾ ಒಂದು ಕಡೆ ನುಣುಪು ಮಾಡಿದರೆ ಪಕ್ಕದಲ್ಲೇ ಎಳೆ ಕಿತ್ತು ಹೊಂಡ ಬೀಳಿಸುತ್ತದೆ. ಕೊಕ್ಕೆ ಬಲು ತೆಳುವಾಗಿ ತೆಗೆಯುವುದರಿಂದ ಎಳೆ ಕೀಳುವುದು ಕಡಿಮೆ.

ಈಗ ಸೋಲಾಪುರದ ಇತಿಹಾಸಕ್ಕೆ ಬರೋಣ. ನಾವು ಓದುವುದು ನೂಲಿನ ಕಥೆ: 1877ರಲ್ಲಿ ಶುರುವಾದ ಮೊದಲ ಗಿರಣಿ, ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು, ಕೈಮಗ್ಗ, ಆಮೇಲೆ ವಿದ್ಯುತ್ ಮಗ್ಗ, ಚಾದರ. ಆದರೆ ಕೈಮಗ್ಗ ಅಂದರೆ ಕಟ್ಟಿಗೆಯ ಯಂತ್ರ. ಲಾಳಿಯ ಮೈ ಮೇಲೆ ಒಂದು ಸಿಬಿರು ಎದ್ದರೆ ಸಾಕು, ಹಾಸಿನ ಎಳೆ ಹರೀತದ. ಉಪ್ಪುಕಾಗದದಿಂದ ತಿಕ್ಕಿದರೆ ಹರಳಿನ ಪುಡಿ ಕಟ್ಟಿಗೆಯ ರಂಧ್ರದಲ್ಲಿ ಉಳಿಯಬಹುದು. ಕೀಸಿದರೆ ಆ ಚಿಂತೆ ಇಲ್ಲ. ಅಂದರೆ ಬಟ್ಟೆಯ ಗುಣದಲ್ಲಿ ಬಡಿಗನ ಕೈಯ ಪಾಲೂ ಇದೆ. ಗಿರಣಿಯ ಇತಿಹಾಸದಲ್ಲಿ ಆ ಕೈ ಕಾಣುವುದಿಲ್ಲ.

ಉಕ್ಕಿನ ತಗಡು ಇಲ್ಲದಲ್ಲಿ ಒಡೆದ ಗಾಜು ಬರುತ್ತದೆ. ಕೊಡಲಿಯ ಕಾವನ್ನು ಗಾಜಿನ ಚೂರಿನಿಂದ ಹೆರೆಯುವುದನ್ನು ನಿಮ್ಮಲ್ಲಿ ಕೆಲವರು ಮನೆಯಲ್ಲೇ ನೋಡಿರಬಹುದು. ಗಾಜಿಗೆ ಸಾಣೆ ಬೇಡ; ಒಡೆದ ಅಂಚೇ ಹರಿತ. ಈ ತತ್ವ ಬಹಳ ಹಳೆಯದು. ಅಕ್ಕಲಕೋಟೆಯಿಂದ ದಕ್ಷಿಣಕ್ಕೆ, ಯಾದಗಿರಿ ಜಿಲ್ಲೆಯ ಹುಣಸಗಿ ಭಾಗದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಉತ್ಖನನ ಮಾಡಿತು. ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅಂದಾಜಿಸಿದ ಆ ನೆಲೆಯ ಕಲ್ಲಿನ ಹತಾರಗಳಲ್ಲಿ ಕೈಗೊಡಲಿಗಳ ಜೊತೆ ಕೆರೆಯುವ ಹತಾರಗಳೂ ಇವೆ. ಅವುಗಳಿಂದ ಕಟ್ಟಿಗೆಯನ್ನೇ ಕೆರೆದರು ಅಂತ ಬರೀ ಆಕಾರ ನೋಡಿ ಹೇಳಲಾಗದು. ಅಲ್ಲಿಂದ ಇಲ್ಲಿಗೆ ನೇರ ಪರಂಪರೆ ಇದೆ ಎಂದೂ ನಾನು ಹೇಳುತ್ತಿಲ್ಲ. ಒಂದು ವಿಪರ್ಯಾಸ ಮಾತ್ರ ಗಮನಿಸಿ: ಅಲ್ಲಿ ವಸ್ತು ಉಳಿದಿದೆ, ಮಾತು ಉಳಿದಿಲ್ಲ. ನಮ್ಮಲ್ಲಿ ಮಾತು ಇದೆ, ವಸ್ತುವನ್ನು ಯಾರೂ ಎತ್ತಿಟ್ಟಿಲ್ಲ.

ಎತ್ತಿಡದಿರಲು ಕಾರಣವೂ ಇದೆ. ಇದು ಇನ್ನೊಂದು ಹತಾರದ ಮುಪ್ಪು. ಗರಗಸ ಮುರಿದಾಗ ಹುಟ್ಟಿ, ತಿಕ್ಕಿ ತಿಕ್ಕಿ ಸಣ್ಣದಾಗಿ, ಗುಜರಿಗೆ ಹೋಗ್ತದ. ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರದಲ್ಲಿ ಸಂಸ್ಥಾನದ ಕತ್ತಿ, ಬಂದೂಕುಗಳನ್ನು ಜತನವಾಗಿ ಕಾಯ್ದಿದ್ದಾರೆ. ಅದೇ ಊರಿನ ಬಡಿಗೇರರ ಚೀಲಕ್ಕೆ ಅಂಥ ಕಪಾಟು ಸಿಗಲಿಲ್ಲ.

ಪ್ರಶ್ನೋತ್ತರದಲ್ಲಿ ಒಬ್ಬ ಗೆಳತಿ ಕೇಳಿದರು: "ಈಗ ತಿಕ್ಕುವ ಮಷಿನ್ ಬಂದಾವ. ಇದು ಹೋದರ ಏನ ನಷ್ಟ?" ಕೆಲಸಕ್ಕೆ ದೊಡ್ಡ ನಷ್ಟ ಇಲ್ಲ ಅಂತ ಒಪ್ಪಿಕೊಂಡೆ. ಮಷಿನ್ ಬೇಗ ಮುಗಿಸುತ್ತದೆ, ಬಡಿಗೇರರ ಹೆಬ್ಬೆರಳೂ ಉಳಿಯುತ್ತದೆ. ನಷ್ಟ ನಮ್ಮದು, ಇತಿಹಾಸ ಓದುವವರದು. ಕೊಕ್ಕೆ ಎಬ್ಬಿಸುವ ಒತ್ತಡ ಎಷ್ಟು, ವಾಲು ಎಷ್ಟು ಎಂಬುದು ಕೈಯಲ್ಲಿ ಮಾತ್ರ ಇದೆ. ಆ ಕೈ ನಿಂತ ಮೇಲೆ ಮುರಿದ ಗರಗಸದ ತುಂಡು ಸಿಕ್ಕರೂ ನಮಗೆ ಅದು ಗುಜರಿಯಾಗಿಯೇ ಕಾಣುತ್ತದೆ. ನಾನು ಮಾಡಿದ ತಪ್ಪನ್ನೇ ಮುಂದಿನವರೂ ಮಾಡ್ತಾರ. ಅದಕ್ಕ ನನ್ನ ವಿನಂತಿ ಇಷ್ಟೇ: ರಜೆಗೆ ಊರಿಗೆ ಹೋದಾಗ ನಿಮ್ಮ ಓಣಿಯ ಬಡಿಗೇರರ ಹತ್ತಿರ ಕೂತು, ಹತಾರದ ಹೆಸರು ಕೇಳಬೇಡಿ. ಇದರಿಂದ ಏನ ಮಾಡ್ತೀರಿ, ಮಾಡಿ ತೋರಸ್ರಿ ಅಂತ ಕೇಳಿ. ನೋಡಿದ್ದನ್ನು ಬರೆದುಕೊಂಡು ಬನ್ನಿ.