ಸೋರೆಬುರುಡೆಯಿಂದ ಬೆಳ್ಳಿತೆರೆಗೆ

ಜತ್ತ ಸೀಮೆಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದ ನಮಗೆ ಸಂಗೀತದ ಶಾಸ್ತ್ರಜ್ಞಾನವಿಲ್ಲ, ಕೇಳುವ ಕಿವಿಯೊಂದಿದೆ. ಆ ಕಿವಿಗೆ ಸಿತಾರದ ನಾದವು ಮೊದಲು ಬಿದ್ದದ್ದು ಜಾತ್ರೆಗೆ ಬಂದಿದ್ದ ಟೂರಿಂಗ್ ಟಾಕೀಸಿನ ಡೇರೆಯಲ್ಲಿ. ಚಿತ್ರ ‘ಕೋಹಿನೂರ್’. ತೆರೆಯ ಮೇಲೆ ದಿಲೀಪ್ ಕುಮಾರ್ ಸಿತಾರ ನುಡಿಸುತ್ತಿದ್ದರು. ಆ ನಾದ ಅವರ ಬೆರಳುಗಳದೇ ಎಂದು ನಾವು ಬಹುಕಾಲ ನಂಬಿದ್ದೆವು.

1960ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಸಂಗೀತ ನೀಡಿದವರು ನೌಷಾದ್. ಬೆರಳುಗಳ ಚಲನೆ ಸಹಜವಾಗಿ ಕಾಣಲೆಂದು ದಿಲೀಪ್ ಕುಮಾರ್ ತಿಂಗಳುಗಟ್ಟಲೆ ಸಿತಾರದ ಅಭ್ಯಾಸ ಮಾಡಿದ್ದು ನಿಜ. ಆದರೆ ನಾವು ಕೇಳಿದ ನಾದ ಉಸ್ತಾದ್ ಅಬ್ದುಲ್ ಹಲೀಮ್ ಜಾಫರ್ ಖಾನರದು. ಡೇರೆಯಲ್ಲಿ ಕುಳಿತಿದ್ದ ನೂರಾರು ಜನರಲ್ಲಿ ಆ ಹೆಸರನ್ನು ಬಲ್ಲವರು ಒಬ್ಬರಾದರೂ ಇದ್ದರೆಂದು ನಮಗೆ ಅನಿಸುವುದಿಲ್ಲ. ನುಡಿಸಿದವರ ಹೆಸರೇ ತಿಳಿಯದಿದ್ದ ಮೇಲೆ, ಆ ವಾದ್ಯವನ್ನು ಮಾಡಿದ ಕೈಗಳನ್ನು ಯಾರು ನೆನೆದಾರು?

ಆ ಕೈಗಳು ನಮ್ಮ ನೆರೆಯಲ್ಲಿಯೇ ಇವೆ. ಸಿತಾರ ಮತ್ತು ತಂಬೂರಿಗಳಿಗೆ ದೇಶದಲ್ಲಿಯೇ ಹೆಸರಾದ ಮಿರಜ ಪಟ್ಟಣವು ನಮ್ಮ ಜಿಲ್ಲೆಯದೇ. 19ನೆಯ ಶತಮಾನದ ಮಧ್ಯಭಾಗದಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಅಲ್ಲಿ ಈ ಕಸುಬಿಗೆ ಅಡಿಪಾಯ ಹಾಕಿದರು. ಕತ್ತಿಗಳ ಕಾಲ ಮುಗಿಯುತ್ತ ಬಂದಂತೆ, ಕತ್ತಿ ಮಸೆದ ಕೈಗಳು ತಂತಿವಾದ್ಯಗಳಿಗೆ ಒಲಿದವು. ಇಂದಿಗೂ ಆ ಮನೆತನದ ವಂಶಜರು ‘ಸಿತಾರಮೇಕರ್’ ಎಂದೇ ಪ್ರಸಿದ್ಧರು. ಮಿರಜದ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ವಾದ್ಯಕ್ಕೆ ಬೇಕಾದ ಸೋರೆಬುರುಡೆಗಳು ಬರುವುದು ಪಂಢರಪುರ, ಮಂಗಳವೇಢೆ ಪರಿಸರದ ಹೊಲಗಳಿಂದ. ಅಣ್ಣ ಬಸವಣ್ಣನವರು ಕರಣಿಕರಾಗಿ ದುಡಿದ ಮಂಗಳವಾಡದ ಸೀಮೆಯದು. ಬಲಿತು ಒಣಗಿದ ದೊಡ್ಡ ಕಾಯಿಯನ್ನು ಆರಿಸಿ, ಕೊಯ್ದು, ಹದಗೊಳಿಸಿ, ಮರದ ದಂಡಿಗೆ ಜೋಡಿಸುತ್ತಾರೆ. ಕೊನೆಯ ಕೆಲಸವೇ ‘ಜವಾರಿ’. ಜವಾರಿ ಜೋಳ, ಜವಾರಿ ಬದನೆಕಾಯಿ ಎನ್ನುವ ನಮ್ಮವರಿಗೆ ಈ ಪದ ಬೇರೊಂದು ಅರ್ಥದಲ್ಲಿ ಪರಿಚಿತ. ಸಿತಾರದ ವಿಷಯದಲ್ಲಿ ಜವಾರಿಯೆಂದರೆ, ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ, ನಾದವು ದುಂಬಿಯಂತೆ ಗುಂಯ್‌ಗುಡುವಂತೆ ಮಾಡುವುದು. ಕಿವಿಯೇ ಇದಕ್ಕೆ ಅಳತೆಗೋಲು. ಒಂದು ಉಜ್ಜು ಹೆಚ್ಚಾದರೆ ನಾದ ಕೆಡುತ್ತದೆ.

ವಾದ್ಯ ಮಿರಜದಲ್ಲಿ ಹುಟ್ಟಿದರೆ, ವಾದನಕ್ಕೆ ಧಾರವಾಡ ಆಸರೆಯಾಯಿತು. ಬಂದೇ ಅಲಿ ಖಾನರ ಶಿಷ್ಯರಾದ ‘ಸಿತಾರರತ್ನ’ ರಹಿಮತ್ ಖಾನರು ಅಲ್ಲಿ ನೆಲೆಸಿ ಶಿಷ್ಯರನ್ನು ಬೆಳೆಸಿದರು. ಅವರ ಮೊಮ್ಮಗ ಉಸ್ತಾದ್ ಬಾಲೇಖಾನರ ಸಿತಾರವನ್ನು ಕೇಳಿದ ಕನ್ನಡಿಗರು ಇಂದಿಗೂ ಅದನ್ನು ಮರೆತಿಲ್ಲ.

ಇನ್ನು ಚಲನಚಿತ್ರದ ಮಾತು. 1946ರ ‘ಧರತೀ ಕೇ ಲಾಲ್’, ‘ನೀಚಾ ನಗರ್’ ಚಿತ್ರಗಳಿಗೆ ಸಂಗೀತ ನೀಡುವ ಮೂಲಕ ಪಂಡಿತ ರವಿಶಂಕರರು ಈ ಕ್ಷೇತ್ರಕ್ಕೆ ಬಂದರು. 1955ರಲ್ಲಿ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಗೆ ಅವರು ಸಂಗೀತ ರಚಿಸಿ ಧ್ವನಿಮುದ್ರಿಸಿದ್ದು ಸುಮಾರು ಹನ್ನೊಂದು ಗಂಟೆಗಳ ಒಂದೇ ಬೈಠಕ್ಕಿನಲ್ಲಿ. ಮಗಳು ದುರ್ಗಾ ಇನ್ನಿಲ್ಲವೆಂಬ ಸುದ್ದಿ ತಿಳಿಯದೆ ತಂದೆ ಅವಳಿಗೆಂದು ತಂದ ಸೀರೆಯನ್ನು ತಾಯಿಯ ಕೈಗಿಡುತ್ತಾನೆ. ತಾಯಿ ಬಾಯ್ತೆರೆದು ಅಳುತ್ತಾಳೆ. ಆದರೆ ಅವಳ ಧ್ವನಿ ನಮಗೆ ಕೇಳಿಸುವುದಿಲ್ಲ. ಅದರ ಬದಲು ತಾರ್ ಶೆಹನಾಯಿ ಪಟದೀಪ ರಾಗದಲ್ಲಿ ಗೋಳಿಡುತ್ತದೆ. ಚಿತ್ರಸಂಗೀತವೆಂದರೆ ಬರಿಯ ಮನರಂಜನೆಯೆಂದು ಹೇಳುವವರು ಆ ಒಂದು ದೃಶ್ಯವನ್ನು ನೋಡಬೇಕು. 1960ರ ‘ಅನುರಾಧಾ’ದಲ್ಲಿ ಅದೇ ರವಿಶಂಕರರು ದಕ್ಷಿಣದ ಮೂಲದ ಜನಸಮ್ಮೋಹಿನಿ ರಾಗವನ್ನು ಲತಾ ಮಂಗೇಶ್ಕರರ ಕಂಠದಿಂದ ಹಾಡಿಸಿದರು.

ಮುಂಬಯಿಯ ಚಿತ್ರವಾದ್ಯವೃಂದದಲ್ಲಿ ಸಿತಾರವು ಪಿಟೀಲು, ಗಿಟಾರು, ಸ್ಯಾಕ್ಸೋಫೋನುಗಳ ಪಕ್ಕದಲ್ಲಿ ಕುಳಿತಿತು. ‘ಫ್ಯೂಜನ್’ ಎಂಬ ಮಾತು ಮನೆಮಾತಾಗುವ ಮುನ್ನವೇ ಅಲ್ಲಿ ಬೆರಕೆ ನಡೆದಿತ್ತು. 1968ರಲ್ಲಿ ಶಂಕರ್-ಜೈಕಿಶನ್ ಜೋಡಿಯು ‘ರಾಗ ಜಾಝ್ ಸ್ಟೈಲ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರಲ್ಲಿ ರಯೀಸ್ ಖಾನರ ಸಿತಾರ, ಮನೋಹರಿ ಸಿಂಗರ ಸ್ಯಾಕ್ಸೋಫೋನು ಜೊತೆಗೂಡಿವೆ. ಸಿತಾರವು ಕಡಲು ದಾಟಿದ ಕಥೆಯಲ್ಲಿಯೂ ಚಲನಚಿತ್ರದ ಪಾತ್ರವಿದೆ. 1965ರಲ್ಲಿ ‘ಹೆಲ್ಪ್’ ಚಿತ್ರದ ಚಿತ್ರೀಕರಣದ ವೇಳೆ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಕುತೂಹಲದಿಂದ ಸಿತಾರವನ್ನು ಕೈಗೆತ್ತಿಕೊಂಡರು; ಮರುವರ್ಷ ರವಿಶಂಕರರ ಶಿಷ್ಯರಾದರು. 1967ರಲ್ಲಿ ಅಮೆರಿಕದ ಮಾಂಟೆರೆ ಉತ್ಸವದಲ್ಲಿ ರವಿಶಂಕರರು ನುಡಿಸಿದ್ದೇ ಮುಂದೆ ಅಲ್ಲಿನ ಚಲನಚಿತ್ರವೊಂದರ ಮಂಗಳವಾಯಿತು.

ಇಷ್ಟೆಲ್ಲ ಬರೆಯುವಾಗ ನಮ್ಮದೊಂದು ತಪ್ಪು ಕಣ್ಣೆದುರು ನಿಲ್ಲುತ್ತದೆ. ಶಾಲೆಯ ಸ್ನೇಹಸಮ್ಮೇಳನಕ್ಕೆ ಹುಡುಗನೊಬ್ಬ ಸೋದರಮಾವನ ಹಳೆಯ ಸಿತಾರವನ್ನು ಹೊತ್ತು ತಂದಿದ್ದ. “ಗುರುಗಳೇ, ಕೋಹಿನೂರ್ ಸಿನಿಮಾದ ಹಾಡು ಬಾರಸ್ತೀನ್ರಿ” ಎಂದ. ಡೇರೆಯಲ್ಲಿ ಮೈಮರೆತು ಕೇಳಿದ ಅದೇ ಹಾಡು. ಆದರೆ ಮುಖ್ಯಾಧ್ಯಾಪಕರ ಕುರ್ಚಿಯಲ್ಲಿ ಕುಳಿತಿದ್ದ ನಾವು, “ಸರಸ್ವತಿಯ ಎದುರು ಸಿನಿಮಾ ಹಾಡೇ? ಯಾವುದಾದರೂ ರಾಗ ಬಂದರೆ ನುಡಿಸು, ಇಲ್ಲದಿದ್ದರೆ ಬೇಡ” ಎಂದೆವು. ಅವನು ಎದುರಾಡಲಿಲ್ಲ. ಸಿತಾರಕ್ಕೆ ಮತ್ತೆ ತಾಯಿಯ ಹಳೆಯ ಸೀರೆ ಸುತ್ತಿ ಮನೆಗೆ ಒಯ್ದ. ಆ ಹಾಡು ಅಪ್ಪಟ ಹಮೀರ ರಾಗದ್ದು. ಅದು ಅವನಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅವನು ಶಾಲೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮುಂದೆ ಅವನು ಸಿತಾರ ಮುಟ್ಟಿದನೋ ಇಲ್ಲವೋ, ಕೇಳುವ ಧೈರ್ಯ ನಮಗಾಗಲಿಲ್ಲ.

ಗಡಿಯಲ್ಲಿ ಬಾಳುವ ನಮಗೆ ಬೆರಕೆ ಹೊಸದಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ದರ್ಗೆಯ ಉರುಸಿನಲ್ಲಿ ಉರ್ದು. ಹೀಗೆ ಬಾಳಿಯೂ ನಮ್ಮ ಕನ್ನಡದ ಜವಾರಿ ಕೆಟ್ಟಿಲ್ಲ. ಸಿತಾರವೂ ಹಾಗೆಯೇ, ಸ್ಯಾಕ್ಸೋಫೋನಿನ ಪಕ್ಕದಲ್ಲಿ ಕುಳಿತರೂ ಅದರ ದನಿ ಅದರದೇ.

ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಮ್ಮ ಸಮ್ಮೇಳನದ ವೇದಿಕೆಯಲ್ಲಿ ಮಕ್ಕಳು ಹಾಡಿ ಕುಣಿಯುವಾಗ ಹಿಂದೆ ಕುಳಿತು ನುಡಿಸುವವರ ಹೆಸರುಗಳನ್ನೂ ಧ್ವನಿವರ್ಧಕದಲ್ಲಿ ಹೇಳೋಣ. ವಾದ್ಯ ಮಾಡಿದವರು ಗೊತ್ತಿದ್ದರೆ ಅವರನ್ನೂ ನೆನೆಯೋಣ. ಚಿತ್ರಗೀತೆ ನುಡಿಸುತ್ತೇನೆಂದು ಬಂದ ಮಗುವನ್ನು ಮೊದಲು ಕೂರಿಸಿ ಕೇಳೋಣ. ರಾಗದ ಹೆಸರನ್ನು ಆಮೇಲೆ ಇಬ್ಬರೂ ಕೂಡಿ ಹುಡುಕಬಹುದು.